ಸ್ಪೀಡ್ ಇದೆ, ಆದರೂ ರಾತ್ರಿ ಆಟ ಯಾಕೆ ತಡವರಿಸುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ 300 ಎಂಬಿಪಿಎಸ್ ಫೈಬರ್ ಸಂಪರ್ಕ ಇದೆ, ಅಪ್‌ಲೋಡ್ 20. ಕಂಪನಿಯವರು ಕೊಟ್ಟ ಬಾಕ್ಸ್‌ಗೆ ನನ್ನದೇ ಒಂದು ರೂಟರ್ ಸೇರಿಸಿ ಹಾಲ್‌ನಲ್ಲಿ ಇಟ್ಟಿದ್ದೇನೆ. ಪ್ಲೇಸ್ಟೇಷನ್ 5 ನನ್ನ ರೂಮಿನಲ್ಲಿದೆ, ನಡುವೆ ಎರಡು ಗೋಡೆ. ವೈಫೈನಲ್ಲೇ ಸ್ಪೀಡ್ ಟೆಸ್ಟ್ 180ರ ಮೇಲೆ ತೋರಿಸುತ್ತದೆ. ಮಧ್ಯಾಹ್ನ ಆಟ ಚೆನ್ನಾಗಿ ಓಡುತ್ತದೆ. ಎಲ್ಲರೂ ಮನೆಗೆ ಬಂದ ಮೇಲೆ ರಾತ್ರಿ ಗೋಳು ಶುರು. 40 ಇದ್ದ ಪಿಂಗ್ ಇದ್ದಕ್ಕಿದ್ದಂತೆ 300 ದಾಟುತ್ತದೆ, ಹತ್ತು ಹದಿನೈದು ಸೆಕೆಂಡ್ ಹಾಗೇ ಇದ್ದು ತಾನಾಗಿ ಇಳಿಯುತ್ತದೆ. ಗೋಡೆ ಹಿಂದೆ ಸೇರಿಕೊಂಡ ಮೇಲೂ ಗುಂಡು ತಗಲಿ ಸಾಯುತ್ತೇನೆ. ಸ್ನೇಹಿತರ ಜೊತೆ ವಾಯ್ಸ್ ಚಾಟ್ ಕೆಲವು ಸಲ ಸೇರುವುದೇ ಇಲ್ಲ, ನ್ಯಾಟ್ ಟೈಪ್ 3 ಅಂತ ಬರುತ್ತದೆ. ಡಿಎನ್‌ಎಸ್ ಬದಲಿಸಿದೆ, ಎಂಟಿಯು 1473 ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ. ಈಗ 1 ಗಿಗಾಬಿಟ್ ಪ್ಲಾನ್ ತಗೊಳ್ಳಲಾ, ಗೇಮಿಂಗ್ ರೂಟರ್ ಕೊಳ್ಳಲಾ, ಇಲ್ಲಾ ಡಿಎಂಜಡ್ ಆನ್ ಮಾಡಲಾ? ಡಿಎಂಜಡ್ ಅಪಾಯ ಅನ್ನುತ್ತಾರೆ, ನಿಜವಾ?

ಉತ್ತರ: ‘ಹತ್ತು ಹದಿನೈದು ಸೆಕೆಂಡ್ ಹಾಗೇ ಇದ್ದು ತಾನಾಗಿ ಇಳಿಯುತ್ತದೆ’ ಅಂದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಲೈನೇ ನಿಧಾನ ಇದ್ದಿದ್ದರೆ ಮಧ್ಯಾಹ್ನವೂ ನಿಧಾನ ಇರಬೇಕಿತ್ತು. ಸಿಗ್ನಲ್ಲೇ ಸಾಲದೆ ಇದ್ದಿದ್ದರೆ ಯಾವ ಹೊತ್ತಿನಲ್ಲೂ ಕಾಟ ಕೊಡಬೇಕಿತ್ತು. ಎಲ್ಲರೂ ಮನೆಗೆ ಬಂದ ಮೇಲೆ ಮಾತ್ರ, ಅದೂ ಬಿಟ್ಟು ಬಿಟ್ಟು ಬರುತ್ತದೆ ಅಂದರೆ ಮನೆಯ ಯಾವುದೋ ಸಾಧನ ಆಗಾಗ ಲೈನನ್ನು ಪೂರ್ತಿ ತುಂಬಿಸುತ್ತಿದೆ. ನನ್ನ ಅನುಮಾನ ನಿಮ್ಮ ಆ 20 ಎಂಬಿಪಿಎಸ್ ಅಪ್‌ಲೋಡ್ ಮೇಲೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀವು ಹೇಳಿರುವುದು ಮೂರು ಬೇರೆ ಬೇರೆ ತೊಂದರೆ. ಪಿಂಗ್, ಅಂದರೆ ಸಂದೇಶವೊಂದು ಸರ್ವರಿಗೆ ಹೋಗಿಬರಲು ಹಿಡಿಯುವ ಮಿಲಿಸೆಕೆಂಡ್, ಏರುವುದಕ್ಕೆ ಒಂದು ಕಾರಣ, ಗೋಡೆ ಹಿಂದೆ ಸಾಯುವುದಕ್ಕೆ ಇನ್ನೊಂದು, ನ್ಯಾಟ್ ಟೈಪ್ 3ಕ್ಕೆ ಮತ್ತೊಂದು. ಒಂದು ಸರಿಹೋದರೆ ಉಳಿದದ್ದೂ ಸರಿಹೋಗುತ್ತದೆ ಅಂತ ಕಾಯಬೇಡಿ.

ಆಟಕ್ಕೆ ಎಷ್ಟು ಸ್ಪೀಡ್ ಬೇಕು ಅಂತ ಒಂದು ಲೆಕ್ಕ ಹಾಕಿ ನೋಡೋಣ. ಶೂಟಿಂಗ್ ಆಟವೊಂದು ಸೆಕೆಂಡಿಗೆ 60 ಪ್ಯಾಕೆಟ್, ಅಂದರೆ ಮಾಹಿತಿಯ ಪುಟ್ಟ ತುಂಡುಗಳನ್ನು, ಕಳಿಸುತ್ತದೆ, ಒಂದೊಂದರಲ್ಲೂ 200 ಬೈಟ್ ಅಂತ ಇಟ್ಟುಕೊಳ್ಳಿ. ಒಟ್ಟು 12 ಸಾವಿರ ಬೈಟ್, ಅಂದರೆ 0.1 ಎಂಬಿಪಿಎಸ್ ಕೂಡ ಆಗುವುದಿಲ್ಲ. ಸರ್ವರಿನಿಂದ ಬರುವುದು ಇದಕ್ಕಿಂತ ಜಾಸ್ತಿ ಇರಬಹುದು, ಆದರೂ 300ರ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಆಟ ಡೌನ್‌ಲೋಡ್ ಆಗುವಾಗ ಸ್ಪೀಡ್ ಬೇಕು, ಆಡುವಾಗ ಬೇಕಿರುವುದು ಆ ಪುಟ್ಟ ಪ್ಯಾಕೆಟ್ ತಡವಿಲ್ಲದೆ ಹೋಗಿಬರುವುದು. ಸ್ಪೀಡ್ ಟೆಸ್ಟಿನ ದೊಡ್ಡ ಸಂಖ್ಯೆ ಈ ಎರಡನೆಯದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈಗ ರಾತ್ರಿ ಏನಾಗುತ್ತಿದೆ ಅಂತ ನೋಡಿ. ಮನೆಗೆ ಬಂದವರ ಫೋನುಗಳು ವೈಫೈ ಸಿಕ್ಕ ಕೂಡಲೇ, ಇಲ್ಲಾ ಚಾರ್ಜಿಗೆ ಹಾಕಿದ ಕೂಡಲೇ, ದಿನದ ಫೋಟೊ, ವಿಡಿಯೊಗಳನ್ನು ಕ್ಲೌಡ್‌ಗೆ ಕಳಿಸಲು ಶುರು ಮಾಡುತ್ತವೆ. ಫೋನಿನಿಂದ ರೂಟರಿಗೆ ವೈಫೈ ದಾರಿ ಅಗಲವಾಗಿದೆ. ರೂಟರ್ ಮತ್ತು ಬಾಕ್ಸ್ ದಾಟಿ ಹೊರಗೆ ಹೋಗುವ ದಾರಿ ಬರೀ 20. ಹೆಚ್ಚಾದದ್ದನ್ನು ಬಾಕ್ಸ್ ಬಿಸಾಕುವುದಿಲ್ಲ, ತನ್ನ ಮೆಮೊರಿಯಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ನಿಮ್ಮ ಆಟದ ಪ್ಯಾಕೆಟ್ ಬಂದು ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಕೈಯಲ್ಲಿ ಒಂದೇ ಒಂದು ಚೀಟಿ ಹಿಡಿದವನು ಮೂಟೆ ಹೊತ್ತವರ ಹಿಂದೆ ಕೌಂಟರಿನ ಮುಂದೆ ಕಾದ ಹಾಗೆ. ಸಾಲಿನಲ್ಲಿ 1 ಮೆಗಾಬೈಟ್ ಸೇರಿಕೊಂಡಿದ್ದರೆ ಅದು 8 ಮೆಗಾಬಿಟ್. 20 ಎಂಬಿಪಿಎಸ್ ಲೈನಿನಲ್ಲಿ ಅದು ಖಾಲಿ ಆಗಲು 0.4 ಸೆಕೆಂಡ್ ಬೇಕು, ಅಂದರೆ 400 ಮಿಲಿಸೆಕೆಂಡ್. ನಿಮ್ಮ ಪಿಂಗ್ 300 ದಾಟುವುದಕ್ಕೆ ಇಷ್ಟು ಸಾಕು. ಫೋನು ಒಂದು ವಿಡಿಯೊ ಮುಗಿಸಿದ ಕೂಡಲೇ ಸಾಲು ಕರಗುತ್ತದೆ, ಪಿಂಗ್ ಇಳಿಯುತ್ತದೆ. ಮುಂದಿನ ವಿಡಿಯೊ ಶುರುವಾದರೆ ಮತ್ತೆ ಅದೇ ಕಥೆ.

ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. 2010ರಲ್ಲಿ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ಲೈನಿನಲ್ಲೇ ಇದನ್ನು ಗಮನಿಸಿ, ಬೆನ್ನು ಹತ್ತಿ, ಈ ಹೆಸರನ್ನು ಜನರ ಬಾಯಿಗೆ ತಂದರು. ಮೆಮೊರಿ ಅಗ್ಗವಾದ ಹಾಗೆಲ್ಲ ತಯಾರಕರು ಉಪಕರಣಗಳೊಳಗೆ ದೊಡ್ಡ ದೊಡ್ಡ ಬಫರ್, ಅಂದರೆ ಆ ಸಾಲು ನಿಲ್ಲುವ ಜಾಗ, ತುಂಬುತ್ತಾ ಹೋದರು. ಒಂದು ಪ್ಯಾಕೆಟ್ಟೂ ಕಳೆದುಹೋಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಫೈಲ್ ಡೌನ್‌ಲೋಡಿಗೆ ಅದು ಪರವಾಗಿಲ್ಲ. ಆಟಕ್ಕೆ ತಡವಾಗಿ ಬಂದ ಪ್ಯಾಕೆಟ್ಟೂ ಒಂದೇ, ಬಾರದ ಪ್ಯಾಕೆಟ್ಟೂ ಒಂದೇ.

ನನ್ನ ಮಾತು ನಂಬಬೇಕಿಲ್ಲ, ನೀವೇ ಪರೀಕ್ಷೆ ಮಾಡಬಹುದು. ಒಂದು ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೂಟರಿಗೆ ಜೋಡಿಸಿ. ಎರಡು ಕಮಾಂಡ್ ವಿಂಡೊ ತೆರೆಯಿರಿ. ಒಂದರಲ್ಲಿ ರೂಟರಿನ ವಿಳಾಸಕ್ಕೆ ನಿಲ್ಲಿಸದೆ ಪಿಂಗ್ ಮಾಡಿ, ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಇನ್ನೊಂದರಲ್ಲಿ ಹೊರಗಿನ 1.1.1.1 ಎಂಬ ಸಾರ್ವಜನಿಕ ಸರ್ವರಿಗೆ. ವಿಂಡೋಸ್‌ನಲ್ಲಿ ಪಿಂಗ್ ಕಮಾಂಡಿನ ಕೊನೆಗೆ ‘-ಟಿ’ ಸೇರಿಸಿದರೆ, ಟಿ ಇಂಗ್ಲಿಷ್ ಅಕ್ಷರದಲ್ಲಿ, ಅದು ಓಡುತ್ತಲೇ ಇರುತ್ತದೆ. ಒಂದು ನಿಮಿಷ ಸುಮ್ನೆ ನೋಡಿ. ರೂಟರಿನದು 1 ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ, ಹೊರಗಿನದು ಒಂದೇ ಮಟ್ಟದಲ್ಲಿ ಸಾಲಾಗಿ ಬರುತ್ತಿರುತ್ತದೆ. ಈಗ ಫೋನಿನಿಂದ ಒಂದು ದೊಡ್ಡ ವಿಡಿಯೊ ಅಪ್‌ಲೋಡ್ ಶುರು ಮಾಡಿ. ರೂಟರಿನ ಸಂಖ್ಯೆ ಕದಲದೆ, ಹೊರಗಿನದು ಮಾತ್ರ ಎರಡು ಮೂರು ಸೆಕೆಂಡಿನಲ್ಲಿ ನೂರು, ಇನ್ನೂರು, ಮುನ್ನೂರು ಅಂತ ಮೆಟ್ಟಿಲು ಹತ್ತಿದರೆ ವಿಷಯ ಇತ್ಯರ್ಥವಾಯಿತು. ಅಪ್‌ಲೋಡ್ ನಿಲ್ಲಿಸಿ. ಕೂಡಲೇ ಕೆಳಗೆ ಬೀಳಬೇಕು.

ಆಮೇಲೆ ಅದೇ ಲ್ಯಾಪ್‌ಟಾಪನ್ನು ಕೇಬಲ್ ತೆಗೆದು ನಿಮ್ಮ ರೂಮಿಗೆ ಒಯ್ದು, ಪ್ಲೇಸ್ಟೇಷನ್ ಪಕ್ಕದಲ್ಲೇ ಇಟ್ಟು, ರೂಟರಿಗೆ ಮಾತ್ರ ಪಿಂಗ್ ಮಾಡಿ. ಇಲ್ಲಿ 2, 3, 2, 85, 3, 140 ಹೀಗೆ ಕುಣಿದಾಡಿದರೆ ವೈಫೈ ಕೂಡ ತಪ್ಪಿತಸ್ಥ. ಎರಡೂ ಇರುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆದ್ದರಿಂದ ಒಂದು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ.

ಸಾಲಿನ ತೊಂದರೆಗೆ ದುಡ್ಡು ಖರ್ಚಿಲ್ಲದ ದಾರಿ ಮೊದಲು. ಫೋನುಗಳ ಬ್ಯಾಕಪ್ಪನ್ನು ಆಡುವ ಹೊತ್ತಿನಲ್ಲಿ ನಿಲ್ಲಿಸಿ. ಲ್ಯಾಪ್‌ಟಾಪಿನ ಕ್ಲೌಡ್ ಆ್ಯಪ್‌ಗಳಲ್ಲಿ ಅಪ್‌ಲೋಡ್ ಸ್ಪೀಡಿಗೆ ಮಿತಿ ಹಾಕುವ ಆಯ್ಕೆ ಇದ್ದರೆ 5 ಎಂಬಿಪಿಎಸ್ ಹಾಕಿ. ಮನೆಯಲ್ಲಿ ಕ್ಲೌಡ್‌ಗೆ ವಿಡಿಯೊ ಕಳಿಸುವ ಕ್ಯಾಮೆರಾ ಇದ್ದರೆ ಅದನ್ನೂ ನೋಡಿ, ಅದು ಹಗಲು ರಾತ್ರಿ ಕಳಿಸುತ್ತಲೇ ಇರಬಹುದು. ನಿಮ್ಮ ಕನ್ಸೋಲೇ ಗೇಮ್ ಕ್ಲಿಪ್‌ಗಳನ್ನು ತಾನಾಗಿ ಅಪ್‌ಲೋಡ್ ಮಾಡುತ್ತಿದೆಯಾ, ಹಿಂದಿನಿಂದ ಇನ್ನೊಂದು ಆಟದ ಅಪ್‌ಡೇಟ್ ಇಳಿಸುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಕಳ್ಳ ಅದೇ ಆಗಿರುವುದೂ ಉಂಟು. ಈ ದಾರಿಯ ಕಷ್ಟ ಒಂದೇ, ಮನೆಯವರನ್ನೆಲ್ಲ ಕಾಯುತ್ತಾ ಕೂರಬೇಕು. ಒಂದು ವಾರ ನಡೆಯುತ್ತದೆ, ಆಮೇಲೆ ಜಗಳವಾಗುತ್ತದೆ.

ಶಾಶ್ವತ ದಾರಿ ಸ್ಮಾರ್ಟ್ ಕ್ಯೂ, ಅಂದರೆ ಸಾಲನ್ನು ರೂಟರೇ ನಿಭಾಯಿಸುವ ಸೌಲಭ್ಯ, ಎಸ್‌ಕ್ಯುಎಂ ಅನ್ನುತ್ತಾರೆ. ನಿಮ್ಮ ರೂಟರಿನಲ್ಲಿ ಇದು ಇದೆಯಾ ಅಂತ ಹುಡುಕಿ. ಎಫ್‌ಕ್ಯು-ಕೋಡೆಲ್ ಅಥವಾ ಕೇಕ್ ಎಂಬ ಹೆಸರು ಕಂಡರೆ ಅದೇ. ಕೋಡೆಲ್ ವಿಧಾನವನ್ನು ಕ್ಯಾತ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ಸಾಲು ಎಷ್ಟು ಉದ್ದ ಇದೆ ಅಂತ ಅದು ನೋಡುವುದಿಲ್ಲ, ಒಂದು ಪ್ಯಾಕೆಟ್ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಅಂತ ನೋಡುತ್ತದೆ. ಜಾಸ್ತಿ ಹೊತ್ತು ಕಾಯುವುದು ಮುಂದುವರಿದರೆ ಒಂದೊಂದು ಪ್ಯಾಕೆಟ್ ಬೀಳಿಸಿ, ಕಳಿಸುವವರಿಗೆ ‘ನಿಧಾನ’ ಅಂತ ಸೂಚನೆ ಕೊಡುತ್ತದೆ. ಎಫ್‌ಕ್ಯು ಸೇರಿದರೆ ಒಂದೊಂದು ಸಂಪರ್ಕದ ದಟ್ಟಣೆಗೂ ಬೇರೆ ಬೇರೆ ಸಾಲು. ಆಗ ಫೋಟೊ ಬ್ಯಾಕಪ್ ತನ್ನ ಸಾಲಿನಲ್ಲಿ ತಾನು ಕಾಯುತ್ತದೆ, ನಿಮ್ಮ ಪ್ಯಾಕೆಟ್ ಪಕ್ಕದಿಂದ ಹೋಗುತ್ತದೆ.

ಇಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. ಎಸ್‌ಕ್ಯುಎಂ ಆನ್ ಮಾಡಿ, ಸ್ಪೀಡ್ ಜಾಗದಲ್ಲಿ ಪ್ಲಾನಿನ 300 ಮತ್ತು 20 ಅಂತಲೇ ತುಂಬುತ್ತಾರೆ. ಹಾಗೆ ಮಾಡಿದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಸಾಲು ನಿಮ್ಮ ರೂಟರಿನೊಳಗೆ ನಿಂತರೆ ಮಾತ್ರ ರೂಟರ್ ಅದನ್ನು ನಿಭಾಯಿಸಬಲ್ಲದು. ಕಂಪನಿಯ ಬಾಕ್ಸ್‌ನಲ್ಲಿ ನಿಂತರೆ ಅದರ ಮೇಲೆ ನಿಮಗೆ ಹಿಡಿತ ಇಲ್ಲ. ಹಾಗಾಗಿ ರಾತ್ರಿ ಹೊತ್ತು ನಿಜವಾಗಿ ಸಿಗುವ ಸ್ಪೀಡ್ ಅಳೆದು, ಅದರ 85ರಿಂದ 90 ಶೇಕಡಾ ಹಾಕಿ. ಅಪ್‌ಲೋಡ್ ನಿಜಕ್ಕೂ 20 ಬರುತ್ತಿದ್ದರೆ 17 ಅಥವಾ 18. ಡೌನ್‌ಲೋಡ್ 300 ಬರುತ್ತಿದ್ದರೆ 260ರ ಆಸುಪಾಸು. ಸ್ವಲ್ಪ ಸ್ಪೀಡ್ ಕೈಬಿಟ್ಟು ಸಾಲನ್ನು ನಿಮ್ಮ ಕೈಗೆ ತಂದುಕೊಂಡ ಹಾಗೆ. ಇದಕ್ಕೂ ಒಂದು ಮಿತಿ ಇದೆ. ಎಸ್‌ಕ್ಯುಎಂ ರೂಟರಿನ ಪ್ರೊಸೆಸರಿಗೆ ಕೆಲಸ ಕೊಡುತ್ತದೆ. ಹಳೆಯ, ಸಣ್ಣ ರೂಟರ್‌ಗಳು ಇದನ್ನು ಆನ್ ಮಾಡಿದರೆ 300 ಕೊಡಲಾರದೆ ಅರ್ಧಕ್ಕೆ ಇಳಿಯಬಹುದು. ಹಾಗಾದರೆ ಅಪ್‌ಲೋಡಿಗೆ ಮಾತ್ರ ಹಾಕಿ ನೋಡಿ, ನಿಮ್ಮ ತೊಂದರೆ ಇರುವುದು ಹೆಚ್ಚಾಗಿ ಅಲ್ಲೇ. ನಿಮ್ಮ ರೂಟರಿನಲ್ಲಿ ಈ ಸೌಲಭ್ಯವೇ ಇಲ್ಲದಿದ್ದರೆ, ಆ ಮಾಡೆಲ್ಲಿಗೆ ಓಪನ್‌ಡಬ್ಲ್ಯುಆರ್‌ಟಿ ಫರ್ಮ್‌ವೇರ್ ಸಿಗುತ್ತದಾ ನೋಡಿ. ಅದನ್ನು ಹಾಕುವುದು ಎಲ್ಲರಿಗೂ ಹೇಳಿದ್ದಲ್ಲ, ತಪ್ಪು ಫೈಲ್ ಹಾಕಿದರೆ ರೂಟರ್ ಏಳದೇ ಹೋಗಬಹುದು.

ಗೇಮಿಂಗ್ ರೂಟರ್ ಬಗ್ಗೆ ಕೇಳಿದ್ದೀರಿ. ಕೊಳ್ಳುವುದೇ ಆದರೆ ಆಂಟೆನಾ ಎಷ್ಟು, ಬಣ್ಣದ ಲೈಟ್ ಎಷ್ಟು ಅಂತ ನೋಡಬೇಡಿ. ಎಸ್‌ಕ್ಯುಎಂ ಇದೆಯಾ, ಇದ್ದರೆ ಎಷ್ಟು ಸ್ಪೀಡಿನವರೆಗೆ ತಡೆದುಕೊಳ್ಳುತ್ತದೆ ಅಂತ ನೋಡಿ. ಇದು ಇರುವ ಸಾಮಾನ್ಯ ರೂಟರ್, ಇಲ್ಲದಿರುವ ದುಬಾರಿ ಗೇಮಿಂಗ್ ರೂಟರಿಗಿಂತ ನಿಮಗೆ ಒಳ್ಳೆಯದು.

1 ಗಿಗಾಬಿಟ್ ಪ್ಲಾನ್ ವಿಷಯದಲ್ಲಿ ಕೇಳಬೇಕಾದ್ದು ಒಂದೇ: ಅಪ್‌ಲೋಡ್ ಎಷ್ಟು? ಅಪ್‌ಲೋಡ್ 20ರಿಂದ 200ಕ್ಕೆ ಏರಿದರೆ ಅದೇ 1 ಮೆಗಾಬೈಟ್ ಸಾಲು 40 ಮಿಲಿಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಖಂಡಿತ ಸುಧಾರಿಸುತ್ತದೆ. ಡೌನ್‌ಲೋಡ್ ಮಾತ್ರ ಏರಿ ಅಪ್‌ಲೋಡ್ ಅಲ್ಲೇ ಇದ್ದರೆ ನಿಮ್ಮ ರಾತ್ರಿಗಳು ಈಗಿನ ಹಾಗೇ ಇರುತ್ತವೆ. ಇನ್ನು ಎಂಥ ಪ್ಲಾನ್ ತಗೊಂಡರೂ ದೂರವನ್ನು ಕಡಿಮೆ ಮಾಡಲು ಆಗುವುದಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 2,000 ಕಿಲೋಮೀಟರ್ ಆಚೆಯ ಸರ್ವರಿಗೆ ಹೋಗಿಬರಲು ಕನಿಷ್ಠ 20 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್ ಸುತ್ತು ಬಳಸಿ ಹೋಗುವುದರಿಂದ ನಿಜದಲ್ಲಿ ಜಾಸ್ತಿ. ಆಟದಲ್ಲಿ ಸರ್ವರ್ ಪ್ರದೇಶ ಆಯ್ಕೆ ಮಾಡುವ ಅವಕಾಶ ಇದ್ದರೆ ಹತ್ತಿರದ್ದು ಆಯ್ಕೆಯಾಗಿದೆಯಾ ನೋಡಿ.

ಡಿಎನ್‌ಎಸ್, ಎಂಟಿಯು ಎರಡನ್ನೂ ಮೊದಲಿದ್ದ ಹಾಗೆ ಮಾಡಿಬಿಡಿ. ಡಿಎನ್‌ಎಸ್ ಕೆಲಸ ಹೆಸರಿನಿಂದ ವಿಳಾಸ ಹುಡುಕಿಕೊಡುವುದು. ಮ್ಯಾಚ್ ಶುರುವಾದ ಮೇಲೆ ಅದಕ್ಕೆ ಕೆಲಸವೇ ಇಲ್ಲ. ಎಂಟಿಯು ಅಂದರೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಆಟದ ಪ್ಯಾಕೆಟ್ಟುಗಳು ಹೇಗೂ ಅದಕ್ಕಿಂತ ಎಷ್ಟೋ ಚಿಕ್ಕವು.

ವೈಫೈಗೆ ಬರೋಣ. ಕೇಬಲ್ ಎಳೆಯಲು ಸಾಧ್ಯ ಇದ್ದರೆ ಎಳೆಯಿರಿ, ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಹತ್ತಿರ ಇಲ್ಲ. ವೈಫೈನಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಪಕ್ಕದ ಮನೆಯ ವೈಫೈ ಅದೇ ಚಾನೆಲ್ಲಿನಲ್ಲಿ ಇದ್ದರೆ ಅವರಿಗೂ ಕಾಯಬೇಕು. ಕೇಬಲ್ಲಿಗೆ ಆ ಗೋಜಿಲ್ಲ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ಒಯ್ಯುತ್ತದೆ, ಪ್ಲೇಸ್ಟೇಷನ್ 5ರ ಪೋರ್ಟ್ ಕೂಡ ಅಷ್ಟೇ. ಕ್ಯಾಟ್ 8 ಅಂತ ಬರೆದ ಕೇಬಲ್ಲಿನಿಂದ ಪಿಂಗ್ ಇಳಿಯುವುದಿಲ್ಲ. ಬಾಗಿಲಿನ ಸಂದಿಯಲ್ಲಿ ಸಿಕ್ಕಿ ದಿನವೂ ಜಜ್ಜಿಹೋಗದಂತೆ ನೋಡಿಕೊಳ್ಳಿ ಅಷ್ಟೇ.

ಕೇಬಲ್ ಆಗುವುದೇ ಇಲ್ಲ ಅಂದರೆ ಕನ್ಸೋಲ್ 5 ಗಿಗಾಹರ್ಟ್ಸ್‌ನಲ್ಲಿ ಇದೆಯಾ ನೋಡಿ. 180 ಬರುತ್ತಿದೆ ಅಂದರೆ ಬಹುಶಃ ಇದೆ. 2.4 ಗಿಗಾಹರ್ಟ್ಸ್‌ನಲ್ಲಿ ಮೈಕ್ರೊವೇವ್ ಒಲೆ, ಬ್ಲೂಟೂತ್, ಅಕ್ಕಪಕ್ಕದವರ ರೂಟರ್ ಎಲ್ಲ ಸೇರಿ ಗದ್ದಲ. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಅಲ್ಲಿ ಬರೀ ಮೂರು: 1, 6, 11. ರೂಟರನ್ನು ಟಿವಿ ಹಿಂದೆ, ಕಪಾಟಿನೊಳಗೆ ಬಚ್ಚಿಡಬೇಡಿ, ಸ್ವಲ್ಪ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇರಲಿ. ಮನೆಯಲ್ಲಿ ಅಲ್ಲಲ್ಲಿ ಇಟ್ಟು ವೈಫೈ ಹರಡುವ ಮೆಶ್ ಪೆಟ್ಟಿಗೆಗಳು ಸಿಗ್ನಲ್ ಪಟ್ಟಿ ತುಂಬಿಸುತ್ತವೆ. ಆದರೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಮತ್ತೆ ವೈಫೈಯಲ್ಲೇ ಹೋದರೆ ಒಂದು ನೆಗೆತ ಜಾಸ್ತಿ, ತಡವೂ ಜಾಸ್ತಿ. ಗೋಡೆಯಲ್ಲಿ ಹಳೆಯ ಕೇಬಲ್ ಟಿವಿ ತಂತಿ ಇದ್ದರೆ ಅದರ ಮೇಲೆ ನೆಟ್‌ವರ್ಕ್ ಒಯ್ಯುವ ಮೋಕಾ ಅಡಾಪ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕರೆಂಟ್ ತಂತಿಯ ಮೇಲೆ ಹೋಗುವ ಪವರ್‌ಲೈನ್ ಅಡಾಪ್ಟರ್ ಅದೃಷ್ಟದ ಆಟ, ಮಿಕ್ಸರ್ ಶುರುವಾದರೆ ಪಿಂಗ್ ಕುಣಿಯಬಹುದು. ವಾಪಸ್ ಕೊಡುವ ಅವಕಾಶ ಇದ್ದರೆ ಮಾತ್ರ ತನ್ನಿ.

ಗೋಡೆ ಹಿಂದೆ ಸಾಯುವ ವಿಷಯ. ಇದು ಪೂರ್ತಿ ನಿಮ್ಮ ನೆಟ್‌ವರ್ಕಿನ ತಪ್ಪಲ್ಲ. ಬಹಳಷ್ಟು ಶೂಟಿಂಗ್ ಆಟಗಳಲ್ಲಿ ಸರ್ವರ್ ಕಾಲವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಗುಂಡು ಹಾರಿಸಿದವನಿಗೆ ಆ ಕ್ಷಣ ಏನು ಕಾಣುತ್ತಿತ್ತು ಅಂತ ನೋಡಿ ತೀರ್ಪು ಕೊಡುತ್ತದೆ. ಎದುರಾಳಿಯ ಪಿಂಗ್ 150 ಇದ್ದರೆ ಅವನ ಪರದೆಯ ಮೇಲೆ ನೀವು ಇನ್ನೂ ಗೋಡೆಯ ಈಚೆ ಇದ್ದೀರಿ. ಅವನು ಗುರಿಯಿಟ್ಟು ಹೊಡೆದದ್ದು ನಿಜ, ನೀವು ಒಳಗೆ ಸೇರಿದ್ದೂ ನಿಜ. ನಿಮ್ಮ ಪಿಂಗ್ ಸ್ಥಿರವಾದರೆ ಇದು ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಇದರ ಜೊತೆ ಟಿವಿಯ ಗೇಮ್ ಮೋಡ್ ಆನ್ ಇದೆಯಾ ನೋಡಿ. ಅದು ಆಫ್ ಇದ್ದರೆ ಕೆಲವು ಟಿವಿಗಳು ಚಿತ್ರ ಚಂದ ಮಾಡಲು ಹತ್ತಾರು ಮಿಲಿಸೆಕೆಂಡ್ ತಗೊಳ್ಳುತ್ತವೆ. ಬಟನ್ ಒತ್ತಿದ ಮೇಲೆ ತಡವಾಗುತ್ತದೆ ಅಂತ ರೂಟರಿಗೆ ಬೈಯುವವರಲ್ಲಿ ಎಷ್ಟೋ ಜನರ ತೊಂದರೆ ಟಿವಿ ರಿಮೋಟಿನಲ್ಲೇ ಮುಗಿದಿದೆ.

ಕೊನೆಗೆ ನ್ಯಾಟ್, ಅಂದರೆ ಮನೆಯ ಎಲ್ಲ ಸಾಧನಗಳನ್ನೂ ರೂಟರ್ ಒಂದೇ ವಿಳಾಸದ ಹಿಂದೆ ಕೂರಿಸುವುದು. ಇದು ಪಿಂಗ್ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಬೇರೆ ಆಟಗಾರರು ನಿಮ್ಮ ಕನ್ಸೋಲಿಗೆ ನೇರವಾಗಿ ಸೇರಬಹುದಾ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ವಾಯ್ಸ್ ಚಾಟ್ ಕೈಕೊಡುವುದು ಇದರಿಂದ. ಟೈಪ್ 2 ಬಂದರೆ ಸಾಕು, ಟೈಪ್ 1ರ ಹಿಂದೆ ಹೋಗಬೇಡಿ.

ಕಂಪನಿಯ ಬಾಕ್ಸ್ ಒಂದು, ನಿಮ್ಮ ರೂಟರ್ ಒಂದು, ಎರಡೂ ನ್ಯಾಟ್ ಮಾಡುತ್ತಿರಬೇಕು. ನಿಮ್ಮ ರೂಟರಿನ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೂಟರಿಗೆ ಹೊರಗಿನಿಂದ ಸಿಕ್ಕ ವಿಳಾಸ, ಅಂತ ಇರುವುದನ್ನು ನೋಡಿ. ಅದು 192.168 ಅಥವಾ 10ರಿಂದ ಶುರುವಾದರೆ ಇದು ಡಬಲ್ ನ್ಯಾಟ್ ಅನ್ನಬಹುದು. ಕಂಪನಿಯ ಬಾಕ್ಸನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ, ಆಗ ಅದು ನ್ಯಾಟ್ ಮಾಡದೆ ಸುಮ್ಮನೆ ದಾಟಿಸುತ್ತದೆ. ನಿಮ್ಮ ರೂಟರಿನಲ್ಲಿ, ಸಾಧನ ಕೇಳಿದಾಗ ದಾರಿ ತೆರೆದುಕೊಡುವ ಯುಪಿಎನ್‌ಪಿ ಆನ್ ಮಾಡಿ. 100.64ರಿಂದ 100.127ರ ಒಳಗೆ ಇದ್ದರೆ ಕಂಪನಿಯವರೇ ತಮ್ಮ ಕಡೆ ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದ್ದಾರೆ ಅಂತ ಅರ್ಥ. ಆಗ ನಿಮ್ಮ ಮನೆಯಲ್ಲಿ ಏನು ಒತ್ತಿದರೂ ಅದು ಬದಲಾಗುವುದಿಲ್ಲ, ಸಾರ್ವಜನಿಕ ಐಪಿ ಕೊಡುತ್ತೀರಾ ಅಂತ ಅವರನ್ನೇ ಕೇಳಬೇಕು.

ಯುಪಿಎನ್‌ಪಿ ಪೂರ್ತಿ ಸುರಕ್ಷಿತ ಅಂತ ನಾನು ಹೇಳುವುದಿಲ್ಲ. ಮನೆಯೊಳಗಿನ ಯಾವುದೇ ಸಾಧನ ಕೇಳಿದರೂ ಅದು ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದುಕೊಡುತ್ತದೆ, ವೈರಸ್ ಹೊಕ್ಕ ಲ್ಯಾಪ್‌ಟಾಪ್ ಕೇಳಿದರೂ. ರೂಟರಿನ ಫರ್ಮ್‌ವೇರ್ ಹೊಸದಾಗಿರಲಿ. ಆಗಾಗ ಯುಪಿಎನ್‌ಪಿ ಪಟ್ಟಿ ತೆರೆದು ಗುರುತಿಲ್ಲದ ಸಾಧನ ಏನಾದರೂ ಕುಳಿತಿದೆಯಾ ನೋಡಿ. ಡಿಎಂಜಡ್ ಇನ್ನೂ ಒರಟು ದಾರಿ. ಒಂದು ವಿಳಾಸಕ್ಕೆ ಬರುವ ಎಲ್ಲ ಪೋರ್ಟುಗಳನ್ನೂ ತೆರೆದುಬಿಡುತ್ತದೆ. ಆ ವಿಳಾಸದಲ್ಲಿ ಕನ್ಸೋಲ್ ಮಾತ್ರ ಇರುವವರೆಗೆ ಅಪಾಯ ಅಷ್ಟಿಲ್ಲ. ಆದರೆ ವಿಳಾಸವನ್ನು ಕನ್ಸೋಲಿಗೆ ಕಾಯ್ದಿರಿಸದೆ ಬಿಟ್ಟರೆ, ರೂಟರ್ ಒಂದು ದಿನ ಅದೇ ಸಂಖ್ಯೆಯನ್ನು ನಿಮ್ಮ ಆಫೀಸ್ ಲ್ಯಾಪ್‌ಟಾಪಿಗೆ ಕೊಡಬಹುದು. ನಿಮಗೆ ಗೊತ್ತೂ ಆಗುವುದಿಲ್ಲ. ಡಬಲ್ ನ್ಯಾಟ್ ಇರುವಾಗ ನಿಮ್ಮ ರೂಟರಿನಲ್ಲಿ ಡಿಎಂಜಡ್ ಹಾಕಿ ಪ್ರಯೋಜನವೂ ಇಲ್ಲ, ಹೊರಗಿನ ಬಾಕ್ಸ್ ಇನ್ನೂ ತಡೆಯುತ್ತಲೇ ಇರುತ್ತದೆ. ಬ್ರಿಡ್ಜ್ ಮೋಡ್ ಕೊಡುವುದಿಲ್ಲ ಅಂತ ಕಂಪನಿಯವರು ಹಟ ಹಿಡಿದರೆ ಮಾತ್ರ, ಅವರ ಬಾಕ್ಸ್‌ನ ಡಿಎಂಜಡ್‌ನಲ್ಲಿ ನಿಮ್ಮ ರೂಟರಿನ ವಿಳಾಸ ಹಾಕಿ. ಆಗ ಎಲ್ಲವೂ ನಿಮ್ಮ ರೂಟರಿಗೆ ಬಂದು ಬೀಳುತ್ತದೆ, ಅದರ ಫೈರ್‌ವಾಲ್ ಮೊದಲಿನಂತೆ ಕಾಯುತ್ತದೆ. ನಾನು ಒಪ್ಪುವ ಡಿಎಂಜಡ್ ಅದೊಂದೇ.

ಇಷ್ಟೆಲ್ಲ ಆದ ಮೇಲೂ, ಕೇಬಲ್ ಹಾಕಿ, ಮನೆಯ ಉಳಿದ ಸಾಧನಗಳನ್ನೆಲ್ಲ ಕಳಚಿ ನೋಡಿದಾಗಲೂ ರಾತ್ರಿ ಪಿಂಗ್ ಏರಿದರೆ ತೊಂದರೆ ಕಂಪನಿಯ ಕಡೆ ಇದೆ, ಆ ಹೊತ್ತಿಗೆ ಅವರ ಲೈನೇ ತುಂಬುತ್ತಿದೆ. ಅದನ್ನು ನಿಮ್ಮ ರೂಟರ್ ಸರಿಮಾಡಲಾರದು. ಮಧ್ಯಾಹ್ನದ ಮತ್ತು ರಾತ್ರಿಯ ಪಿಂಗ್ ಸಂಖ್ಯೆಗಳನ್ನು ದಿನಾಂಕ, ಸಮಯದ ಸಮೇತ ಒಂದು ವಾರ ಬರೆದಿಟ್ಟುಕೊಂಡು ದೂರು ಕೊಡಿ. ‘ಕೇಬಲ್ಲಿನಲ್ಲಿ ಅಳೆದದ್ದು’ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಇಲ್ಲದಿದ್ದರೆ ವೈಫೈ ಮೇಲೆ ಹಾಕಿ, ರೂಟರ್ ಒಂದು ಸಲ ಆಫ್ ಮಾಡಿ ಆನ್ ಮಾಡಿ ಅಂತ ಹೇಳಿ ದೂರು ಮುಚ್ಚಿಬಿಡುತ್ತಾರೆ.